ಚಿತ್ರ ಬರೆದು ಮನೆ ನಡೆಸೋದು: ಈ ವಾರದ ಪ್ರಶ್ನೋತ್ತರ

ನಮಸ್ಕಾರ ಎಲ್ಲರಿಗೂ. ಧಾರವಾಡದ ಸಪ್ತಾಪುರದಲ್ಲಿ ಮನೆಯ ಮಹಡಿ ಮೇಲಿನ ಕೋಣೆಯೇ ನನ್ನ ಆಫೀಸು. ಹದಿಮೂರು ವರ್ಷದಿಂದ ಮುಖಪುಟ, ಮಕ್ಕಳ ಪುಸ್ತಕದ ಒಳಚಿತ್ರ, ಪ್ಯಾಕೆಟ್ಟಿನ ಚಿತ್ರ ಮಾಡುತ್ತಿದ್ದೇನೆ. ಮೊದಲ ನಾಲ್ಕು ವರ್ಷ ನಷ್ಟದಲ್ಲಿದ್ದೆ. ಲೆಕ್ಕ ಬರೆದಿಡದ ಕಾರಣ ಅದು ನನಗೇ ಗೊತ್ತಿರಲಿಲ್ಲ. ಕೇಳಿ, ತಿಳಿದಷ್ಟು ಹೇಳುತ್ತೇನೆ.

ಪ್ರಶ್ನೆ (ಗದಗ-ಬೆಟಗೇರಿಯಿಂದ): ಅಕ್ಕಾರ, ಪ್ರೆಸ್ಸಿನಲ್ಲಿ ಎರಡು ವರ್ಷ ಡಿಟಿಪಿ ಮಾಡಿ ಬಿಟ್ಟೆ. ಈಗ ಬರೀ ಚಿತ್ರದ ಕೆಲಸ. ಒಂದು ಮುಖಪುಟಕ್ಕೆ 1,500 ರೂಪಾಯಿ ತಗೊಳ್ಳುತ್ತೇನೆ. ತಿಂಗಳಿಗೆ ಆರೇಳು ಬರುತ್ತವೆ. ರಾತ್ರಿ ಎರಡರವರೆಗೆ ಕೂರುತ್ತೇನೆ, ಆದರೂ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ತಮ್ಮಾ, ಏಳು ಮುಖಪುಟಕ್ಕೆ 10,500 ಆಯಿತು. ಅದರಲ್ಲಿ ಉಳಿಯೋದಾದರೂ ಏನು? ಓಣಿಯಲ್ಲಿ ಉಳಿದವರು ಎಷ್ಟು ತಗೊಳ್ತಾರೆ ಅಂತ ನೋಡಿ ದರ ಇಟ್ಟಿದ್ದೀಯ. ನಿನ್ನ ಖರ್ಚು ನೋಡಿ ಇಟ್ಟಿಲ್ಲ.

ಒಂದು ಹಾಳೆ ತಗೋ. ಮನೆಗೆ ಕೊಡೋದು, ಊಟ, ಪೆಟ್ರೋಲ್ ಎಲ್ಲ ಸೇರಿ 22,000 ಅಂತಿಟ್ಟುಕೋ. ಇಂಟರ್ನೆಟ್ಟು, ಸಾಫ್ಟ್‌ವೇರ್, ಪೆನ್ ಟ್ಯಾಬ್ಲೆಟ್ಟು ಕೆಟ್ಟರೆ ಬೇಕಾಗುವ ಹಣ ಅಂತ ತಿಂಗಳಿಗೆ 6,000. ಕೂಡಿಡಲಿಕ್ಕೆ 5,000. ಒಟ್ಟು 33,000. ಈಗ ತಿಂಗಳಲ್ಲಿ ನಿಜವಾಗಿ ದುಡ್ಡು ಹುಟ್ಟುವ ದಿನ ಎಷ್ಟು? 26 ಅಲ್ಲ. ಫೋನು, ಕೊಟೇಶನ್ನು, ಪ್ರೆಸ್ಸಿಗೆ ಓಡಾಟ, ಬಾಕಿ ವಸೂಲಿ, ಕರೆಂಟ್ ಹೋದ ಮಧ್ಯಾಹ್ನ, ಇವೆಲ್ಲ ಕಳೆದರೆ ನನಗಂತೂ 12 ದಿನ ಸಿಗುತ್ತವೆ. 33,000 ಭಾಗಿಸು 12, ದಿನಕ್ಕೆ 2,750. ಕಾದಂಬರಿ ಓದಿ, ಸ್ಕೆಚ್ ಮಾಡಿ, ಬಣ್ಣ ಹಾಕಿ, ಪುಸ್ತಕದ ಬೆನ್ನು (ದಪ್ಪ ಕಾಣುವ ಬದಿ) ಮತ್ತು ಹಿಂಪುಟ ಕೂಡಿಸಿ ಕೊಡಲು ಮೂರು ದಿನ ಹಿಡಿದರೆ ಆ ಮುಖಪುಟ 8,250 ರೂಪಾಯಿ.

ಅವರೇ: ಗದಗಿನ್ಯಾಗ ಎಂಟ್ ಸಾವಿರ ಯಾರ್ ಕೊಡ್ತಾರ್ರಿ ಅಕ್ಕಾರ?

ಉತ್ತರ: ಎಲ್ಲರೂ ಕೊಡಲ್ಲ, ನಿಜ. ನಿಮ್ಮೂರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಪ್ರೆಸ್ಸು ಜಾಸ್ತಿ ಇದ್ದಲ್ಲಿ ಅಗ್ಗಕ್ಕೆ ಮಾಡುವವರೂ ಜಾಸ್ತಿ. 500 ಪ್ರತಿ ಹಾಕಿಸಿ ತಾನೇ ಹಂಚುವ ಕವಿಗೆ ಎಂಟು ಸಾವಿರ ಭಾರವೇ. ಅಂಥವರಿಗೆ ದರ ಇಳಿಸಬೇಡ, ಕೆಲಸ ಇಳಿಸು. ಒಂದೇ ಬಣ್ಣದ ರೇಖಾಚಿತ್ರ, ಒಂದು ದಿನದ ಕೆಲಸ, 2,750. ಪುಸ್ತಕದ ಹೆಸರನ್ನು ಕೈಯಿಂದ ಚೆಂದ ಬರೆದುಬಿಟ್ಟರೆ ಅರ್ಧ ಮುಖಪುಟ ಅಲ್ಲೇ ಮುಗಿಯುತ್ತದೆ.

ಪುಸ್ತಕ ನನಗೂ ಪ್ರೀತಿಯ ಕೆಲಸ. ಆದರೆ ಮನೆ ನಡೆಸುವ ಹಣ ಬರೋದು ಶೇಂಗಾ ಹಿಂಡಿ (ಚಟ್ನಿಪುಡಿ), ಮೆಣಸಿನಪುಡಿ, ಪೇಡೆ ಡಬ್ಬಿ ಮಾಡುವವರಿಂದ. ಹೊಸ ಪ್ಯಾಕೆಟ್ಟು ತಂದಾಗೆಲ್ಲ ಅವರು ತಿರುಗಿ ಬರುತ್ತಾರೆ. ಕವಿ ಐದು ವರ್ಷಕ್ಕೊಮ್ಮೆ ಬರುತ್ತಾನೆ. (ಕವಿಗಳು ಬೈಯಬೇಡಿ.)

ಇನ್ನೊಂದು ಮಾತು. ಒಬ್ಬರೇ ನಿನ್ನ ಅರ್ಧಕ್ಕಿಂತ ಜಾಸ್ತಿ ಕೆಲಸ ಕೊಡುತ್ತಿದ್ದರೆ ಖುಷಿಪಡಬೇಡ, ಹೆದರು. ಶಾಲೆ ಪುಸ್ತಕ ಮಾಡುವ ಒಬ್ಬರನ್ನೇ ನಂಬಿಕೊಂಡಿದ್ದೆ. 2020ರಲ್ಲಿ ಶಾಲೆ ಮುಚ್ಚಿತು, ಅವರ ಫೋನೂ ಮುಚ್ಚಿತು.

ಪ್ರಶ್ನೆ (ಬ್ಯಾಡಗಿ ಹತ್ತಿರದಿಂದ): ಮೇಡಂ, ಮೊದಲ ಸಲ ಪ್ಯಾಕೆಟ್ಟಿನ ಕೆಲಸ ಬಂದಿದೆ, ಮೆಣಸಿನಪುಡಿದು. ಏನು ನೋಡಿಕೊಳ್ಳಬೇಕು?

ಉತ್ತರ: ಇದಕ್ಕೆ ಉದ್ದ ಉತ್ತರ ಇದೆ, ಯಾಕಂದ್ರೆ ನಾನು ಇದರಲ್ಲೇ ಪೆಟ್ಟು ತಿಂದವಳು.

ನನ್ನ ಮೊದಲ ಪ್ಯಾಕೆಟ್ಟೂ ಮೆಣಸಿನಪುಡಿದೇ. ಇಂಟರ್ನೆಟ್ಟಿನ ಫೋಟೋ ನೋಡಿ ನುಣ್ಣಗೆ, ಮಿರಿಮಿರಿ ಮಿಂಚುವ ಕೆಂಪು ಕಾಯಿ ಬರೆದಿದ್ದೆ. ವ್ಯಾಪಾರಿ ಹಿರಿಯರು. ಪ್ರಿಂಟ್ ಕೈಯಲ್ಲಿ ಹಿಡಿದು, "ಯವ್ವಾ, ಸುಕ್ಕ ಎಲ್ಲದಾವ?" ಅಂದರು. ಮೂಲೆಯ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ನನ್ನ ಮುಂದೆ ಸುರಿದರು. ಬ್ಯಾಡಗಿ ಕಾಯಿ ಅಂದರೆ ಮೈತುಂಬ ಸುಕ್ಕು, ಗಾಢ ಕೆಂಪು, ಖಾರ ಕಡಿಮೆ. ಅದರಲ್ಲೂ ಕಡ್ಡಿ ಉದ್ದ, ಡಬ್ಬಿ ಗಿಡ್ಡ ಮತ್ತು ದುಂಡು. 2011ರಲ್ಲಿ ಜಿಐ ಟ್ಯಾಗ್ (ಆ ಪ್ರದೇಶದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕ ಕಾಯಿ ಅದು. ಅದರ ಪ್ಯಾಕೆಟ್ಟಿನ ಮೇಲೆ ಬೇರೆ ಊರಿನ ಕಾಯಿ ಇದ್ದರೆ ಬ್ಯಾಡಗಿಯವರು ನಗುತ್ತಾರೆ, ಅಲ್ವಾ? ನಿಮಗೆ ಆ ಕಷ್ಟ ಇಲ್ಲ, ಮಾರ್ಕೆಟ್ಟು ಪಕ್ಕದಲ್ಲೇ ಇದೆ. ಒಂದು ಹಿಡಿ ತಂದು ಮೇಜಿನ ಮೇಲೆ ಇಟ್ಟುಕೊಂಡು ಬರೆಯಿರಿ.

ಎರಡನೇ ಪೆಟ್ಟು ಬಣ್ಣದ್ದು. ಸ್ಕ್ರೀನಿನ ಕೆಂಪು ಆರ್‌ಜಿಬಿ, ಪ್ರೆಸ್ಸಿನದು ಸಿಎಂವೈಕೆ, ಅಂದರೆ ಸ್ಕ್ರೀನಿನಲ್ಲಿ ಮೂರು ಬಣ್ಣದ ಬೆಳಕು, ಪ್ರೆಸ್ಸಿನಲ್ಲಿ ನಾಲ್ಕು ಬಣ್ಣದ ಇಂಕು. ನಾನು ಆರ್‌ಜಿಬಿ ಫೈಲನ್ನೇ ಕಳಿಸಿದ್ದೆ, ಪ್ರಿಂಟ್ ಬಂದಾಗ ಮೆಣಸಿನಕಾಯಿ ಇಟ್ಟಿಗೆಯ ಹಾಗೆ ಕಾಣುತ್ತಿತ್ತು. ಮೊದಲೇ ಸಿಎಂವೈಕೆಗೆ ಬದಲಿಸಿ ನೋಡಿದ್ದರೆ ತಪ್ಪುತ್ತಿತ್ತು. ಫೈಲ್ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಬಿಡಿ, ಕನ್ನಡ ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಆಕಾರಗಳಾಗಿ ಬದಲಿಸಿ) ಕೊಡಿ. ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ.

ಕೆಲಸ ಒಪ್ಪುವ ಮೊದಲೇ ಒಂದು ಪ್ರಶ್ನೆ ಕೇಳಿ: ಸ್ಟಿಕ್ಕರೋ, ಪ್ರಿಂಟೆಡ್ ಪೌಚೋ? ಪೌಚನ್ನು ಕೊರೆದ ಸಿಲಿಂಡರಿನಿಂದ ಅಚ್ಚೊತ್ತುವ ಗ್ರೇವ್ಯೂರ್‌ನಲ್ಲಿ ಮಾಡಿಸುವುದಾದರೆ ಪ್ರತಿ ಬಣ್ಣಕ್ಕೂ ಬೇರೆ ಸಿಲಿಂಡರ್ ಬೇಕು, ಅದರ ಹಣ ನಿಮ್ಮ ಗಿರಾಕಿಯ ಜೇಬಿನಿಂದಲೇ ಹೋಗುತ್ತದೆ. ನಾಲ್ಕು ಬಣ್ಣದಲ್ಲಿ ಮುಗಿಯುವುದನ್ನು ಏಳು ಬಣ್ಣದಲ್ಲಿ ಬರೆದುಕೊಟ್ಟರೆ ಚಿತ್ರ ಎಷ್ಟೇ ಚೆಂದ ಇರಲಿ, ಎರಡನೇ ಸಲ ಕರೆಯಲ್ಲ.

ಪ್ರಶ್ನೆ (ಹಾವೇರಿಯಿಂದ): ಅಕ್ಕಾ, ನಾನು ಒಂದು ಪುಸ್ತಕಕ್ಕೆ ಬರೆದ ಚಿತ್ರವನ್ನು ಅವರು ಕ್ಯಾಲೆಂಡರಿಗೂ ಹಾಕಿಕೊಂಡಿದ್ದಾರೆ. ಕೇಳಿದರೆ "ರೊಕ್ಕ ಕೊಟ್ಟೇವಲ್ಲ" ಅಂತಾರೆ. ಚಿತ್ರ ನನ್ನದಲ್ವಾ?

ಉತ್ತರ: ತಂಗಿ, ಏನಾದರೂ ಬರೆದುಕೊಂಡಿದ್ದೀರಾ? ಇಲ್ಲ ಅನ್ನಿಸುತ್ತದೆ. ನನಗೂ ಆಗಿದೆ ಇದು. ನನ್ನ ಚಿತ್ರವನ್ನು ಒಂದು ಅಂಗಡಿಯ ಕೈಚೀಲದ ಮೇಲೆ ನೋಡಿದೆ, ಚೀಲ ಹಿಡಿದವರು ನನ್ನ ಅತ್ತೆ.

ಕಲಾವಿದರದ್ದೇ ಹಕ್ಕು ಅಂತ ಸುಮ್ನೆ ಧೈರ್ಯವಾಗಿ ಕೂರಬೇಡಿ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಆದರೆ ಪೇಂಟಿಂಗನ್ನೋ ಭಾವಚಿತ್ರವನ್ನೋ ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಬರೆಸಿದವರೇ ಮೊದಲ ಒಡೆಯರು ಅಂತ ಅದರಲ್ಲೇ ಇದೆ. ಈ ಒಂದು ಸಾಲಿನಿಂದಲೇ ಜಗಳ ಹುಟ್ಟೋದು. ಹಾಗಾಗಿ ಎಲ್ಲವನ್ನೂ ಕೊಟೇಶನ್ನಿನಲ್ಲೇ ಬರೆಯಬೇಕು. ನಾನು ಬರೆಯೋದು ಹೀಗೆ:

"ಈ ಚಿತ್ರದ ಕಾಪಿರೈಟ್ ಚಿತ್ರ ಬರೆದವರದ್ದು. ಈ ಪುಸ್ತಕದ ಮುಖಪುಟಕ್ಕೆ ಮತ್ತು ಇದೇ ಪುಸ್ತಕದ ಜಾಹೀರಾತಿಗೆ ಮೂರು ವರ್ಷ ಬಳಸಬಹುದು. ಕ್ಯಾಲೆಂಡರ್, ಚೀಲ, ಬೇರೆ ಪುಸ್ತಕಕ್ಕೆ ಬೇರೆ ಹಣ."

ಅಷ್ಟೇ. ವಕೀಲರ ಭಾಷೆ ಬೇಡ, ಓದಿದವರಿಗೆ ತಿಳಿದರೆ ಸಾಕು. ಇಬ್ಬರ ಸಹಿ ಇರಲಿ. ಹಕ್ಕನ್ನೇ ಬರೆದುಕೊಡಿ ಅಂತ ಕೇಳಿದರೆ ಅವಧಿ ಹಾಕಿಸಿ. ಅವಧಿ ಹಾಕದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ, ಜಾಗ ಹಾಕದಿದ್ದರೆ ಇಡೀ ಭಾರತ. "ಎಲ್ಲ ಹಕ್ಕು ಶಾಶ್ವತವಾಗಿ" ಅಂತ ಕೇಳುವವರಿಗೆ ನಾನು ಮೂರು ಪಟ್ಟು ಹೇಳುತ್ತೇನೆ. ಹೆಚ್ಚಿನವರು ಆಗ "ಮುಖಪುಟಕ್ಕ ಸಾಕ್ ಬಿಡ್ರಿ" ಅಂತಾರೆ.

ಈಗಿನ ಕ್ಯಾಲೆಂಡರಿಗೆ ಜಗಳ ಬೇಡ. ಮುಂದಿನ ವರ್ಷದ ಕ್ಯಾಲೆಂಡರಿಗೆ ಇಷ್ಟು ಹಣ ಅಂತ ಕೊಟೇಶನ್ ಕಳಿಸಿ. ಒಂದೋ ಕೆಲಸ ಸಿಗುತ್ತದೆ, ಇಲ್ಲಾ ಮತ್ತೆ ಬಳಸಲಿಕ್ಕೆ ಹಿಂದೆಮುಂದೆ ನೋಡುತ್ತಾರೆ.

ಪ್ರಶ್ನೆ (ಹುಬ್ಬಳ್ಳಿ, ಗೋಕುಲ ರೋಡ್): ಹಣ ವಸೂಲಿ ಹೇಗೆ ಮೇಡಂ? "ಮುಂದಿನ ವಾರ" ಅಂತ ನಾಲ್ಕು ತಿಂಗಳಾಯ್ತು. ಜಿಎಸ್‌ಟಿ ಮಾಡಿಸಬೇಕಾ ಅಂತಲೂ ಹೇಳಿ.

ಉತ್ತರ: ಜಿಎಸ್‌ಟಿ ಮೊದಲು, ಅದು ಸಣ್ಣದು. ನಮ್ಮದು ಸೇವೆ, ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ನಂಬರು ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಕಂಪನಿಯವರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ಗಾಬರಿ ಬೇಡ, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ.

ಬಾಕಿ ವಿಷಯ. ಅರ್ಧ ಹಣ ಬರದೆ ನಾನು ಪೆನ್ಸಿಲ್ ಮುಟ್ಟಲ್ಲ. ಉಳಿದರ್ಧ ಬರದೆ ಪ್ರಿಂಟಿನ ಫೈಲ್ ಕೊಡಲ್ಲ, ಅಲ್ಲಿವರೆಗೆ ಮೇಲೆ ಹೆಸರು ಹೊಡೆದ ಸಣ್ಣ ಸೈಜಿನ ಚಿತ್ರ. ಮೊದಮೊದಲು ಹೀಗೆ ಹೇಳಲು ನಾಚಿಕೆ ಆಗುತ್ತಿತ್ತು. ನಮ್ಮ ಕಡೆ ಎಲ್ಲರೂ ಯಾರದೋ ಬೀಗರು, ಯಾರದೋ ಗೆಳೆಯರು. ಈಗ ಬೀಗರಿಗೂ ಅದೇ ನಿಯಮ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು) ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಸಾಕು, ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ಯಾರಾದರೂ ಫೀ ಕೇಳಿದರೆ ಅದು ಬೇರೆ ವೆಬ್‌ಸೈಟು. ನೋಂದಣಿ ಇದ್ದರೆ 2006ರ ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾಯ್ದೆ ನಿಮ್ಮ ಬೆನ್ನಿಗಿದೆ: ಬರೆದುಕೊಂಡ ತಾರೀಕು ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಕೊಡಬೇಕು. ತಡವಾದರೆ ಆರ್‌ಬಿಐ ಗೊತ್ತು ಮಾಡುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ನಾನು ಇದುವರೆಗೆ ಯಾರ ಮೇಲೂ ದೂರು ಹಾಕಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ನಂಬರು ಮತ್ತು ಈ ಗಡುವು, ಬಡ್ಡಿಯ ಒಂದು ಸಾಲು ಹಾಕುತ್ತೇನೆ. ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗದವರು ಅದನ್ನು ಓದುತ್ತಾರೆ. ನಿಮ್ಮ ನಾಲ್ಕು ತಿಂಗಳ ಬಾಕಿ ನೋಂದಣಿಗೆ ಮೊದಲಿನದು, ಅದಕ್ಕೆ ಹೋಗಿ ಎದುರಿಗೆ ಕೂರುವುದೇ ದಾರಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ.

ಪ್ರಶ್ನೆ (ಧಾರವಾಡ): ಈಗ ಎಐ ಒಂದು ನಿಮಿಷದಲ್ಲಿ ಚಿತ್ರ ಕೊಡುತ್ತದೆ. ನಮ್ಮನ್ನು ಯಾರು ಕೇಳ್ತಾರೆ?

ಉತ್ತರ: ಕೆಲವು ಕೆಲಸ ಹೋಯಿತು. ಪೋಸ್ಟರು, ಶುಭಾಶಯದ ಚಿತ್ರ ಈಗ ನನ್ನ ಹತ್ತಿರ ಬರಲ್ಲ, ಸುಳ್ಳು ಹೇಳಿ ಏನು? ಹೋದ ತಿಂಗಳು ಒಬ್ಬರು ಎಐ ಚಿತ್ರ ತಂದು "ಒಂಚೂರು ಸರಿ ಮಾಡಿಕೊಡ್ರಿ" ಅಂದರು. ರೊಟ್ಟಿ ಬಡಿಯುವ ಅಜ್ಜಿ. ಉಟ್ಟಿದ್ದು ಇಳಕಲ್ ಸೀರೆಯಂತೆ, ಸೆರಗಿನಲ್ಲಿ ಟೋಪ ತೆನಿ (ಗೋಪುರದಂಥ ಬಿಳಿ ನೇಯ್ಗೆ) ಇಲ್ಲ. ರೊಟ್ಟಿ ಪೂರಿಯ ಹಾಗೆ ಉಬ್ಬಿ ಕೈಯಲ್ಲಿ ನಿಂತಿದೆ. ಸರಿ ಮಾಡುವುದಕ್ಕಿಂತ ಹೊಸದು ಬರೆಯುವುದೇ ಸುಲಭ ಅಂದೆ, ಹೊಸದರ ದರ ಹೇಳಿದೆ. ಒಪ್ಪಿದರು. ನನ್ನ ಕೆಲಸ ಈಗ ಇಂಥದರಲ್ಲೇ ಉಳಿದಿದೆ.

ಪ್ರಶ್ನೆ (ಶಿಗ್ಗಾವಿ): ಆಷಾಢದಲ್ಲಿ ಕೆಲಸವೇ ಇರಲ್ಲ, ಏನು ಮಾಡ್ತೀರಿ?

ಉತ್ತರ: ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ ಇಟ್ಟುಕೊಂಡು ಪೋಸ್ಟ್‌ಕಾರ್ಡ್ ಬರೆದಿಡುತ್ತೇನೆ. ಗಣಪತಿ ಹಬ್ಬದ ಹೊತ್ತಿಗೆ ದೀಪಾವಳಿ ವಿಶೇಷಾಂಕದ ಕಥೆಗಳು ಬರಲು ಶುರುವಾಗುತ್ತವೆ, ಆಮೇಲೆ ಉಸಿರಾಡಲೂ ಬಿಡುವಿರಲ್ಲ. ಎರಡು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ, ಆ ಎಟಿಎಂ ಕಾರ್ಡು ಅವ್ವನ ಹತ್ತಿರ.

ಬೆಟಗೇರಿಯಿಂದ ಮತ್ತೆ: ಅಕ್ಕಾರ, ಈಗಲೇ ಒಬ್ಬರಿಗೆ ಕೊಟೇಶನ್ ಬರೆದೆ. ನೋಡಿ: "ಮುಖಪುಟ, ಮೂರು ದಿನ, 8,250 ರೂಪಾಯಿ, ಅರ್ಧ ಮುಂಗಡ. ಬೇಕಾದ ಬದಲಾವಣೆ ಮಾಡಿಕೊಡಲಾಗುವುದು."

ಉತ್ತರ: ಕೊನೇ ಸಾಲು ತೆಗಿ. "ಸ್ಕೆಚ್ ಹಂತದಲ್ಲಿ ಎರಡು ಸಲ ಬದಲಾವಣೆ, ಮೂರನೆಯದಕ್ಕೆ ದಿನಕ್ಕೆ 2,750" ಅಂತ ಹಾಕು. ಎಷ್ಟು ವರ್ಷದ ಬಳಕೆ ಅಂತಲೂ ಬರಿ. ಆಮೇಲೆ ಕಳಿಸು.