ಸಹಾಯ ಬೇಕು: ಕಾಂಟ್ಯಾಕ್ಟರ್ ಬಿಟ್ಟಕೂಡ್ಲೆ ಬೋರ್ಡ್ ರೀಸೆಟ್ ಆಗ್ತೈತಿ

ನಮಸ್ಕಾರ್ರಿ. ಜಮಖಂಡಿ ಕಡೆ ಬೋರ್ ಮೋಟರ್‌ನ ಮೊಬೈಲ್‌ನಿಂದ ಚಾಲೂ-ಬಂದ್ ಮಾಡೋ ಬೋರ್ಡ್: ಇಎಸ್‌ಪಿ32 (ಸಣ್ಣ ಕಂಟ್ರೋಲರ್ ಚಿಪ್), 12 ವೋಲ್ಟ್ ರಿಲೇ, ಅದರಿಂದ 415 ವೋಲ್ಟ್ ಕಾಯಿಲ್‌ನ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡೋ ದೊಡ್ಡ ಸ್ವಿಚ್). ಚಾಲೂ ಮಾಡಿದ್ರ ಏನೂ ಆಗಂಗಿಲ್ಲ. ಬಂದ್ ಮಾಡಿದ್ರ ರಿಲೇ ಪಾಯಿಂಟ್‌ನ್ಯಾಗ ನೀಲಿ ಕಿಡಿ, ಬೆನ್ನಿಗೇ ರೀಸೆಟ್.

ರಿಲೇ ಕಾಯಿಲ್‌ಗೆ 1ಎನ್4007 ಡಯೋಡ್ ಐತಿ, ಸಪ್ಲೈಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡೀನಿ. ಲಾಗ್‌ನ್ಯಾಗ ಬ್ರೌನ್‌ಔಟ್ (ವೋಲ್ಟೇಜ್ ಕುಸಿಯೋದು) ಅಲ್ಲ, ಪವರ್‌ಆನ್ ರೀಸೆಟ್ ಅಂತ ಬರ್ತೈತಿ. ಅಂದ್ರ ಚಿಪ್ ರೀಸೆಟ್ ಮಾಡೋ ಇಎನ್ ಪಿನ್‌ಗೆ ನಾಯ್ಸ್ ಹೊಕ್ಕಿರಬೇಕು.

100 ಓಮ್, 0.1 ಮೈಕ್ರೋಫ್ಯಾರಡ್ ಸ್ನಬ್ಬರ್‌ನ (ಕಿಡಿ ತಡಿಯೋ ರೆಸಿಸ್ಟರ್-ಕೆಪಾಸಿಟರ್ ಜೋಡಿ) ರಿಲೇ ಪಾಯಿಂಟಿಗೆ ಅಡ್ಡ ಹಾಕಿದ್ರ ಕಿಡಿ ಕಮ್ಮಿ ಆತು. ಆದ್ರ ಬಂದ್ ಇದ್ದಾಗೂ ಸುಮಾರು 13 ಮಿಲಿಆಂಪ್ ಸೋರಿ ಕಾಂಟ್ಯಾಕ್ಟರ್ ಗುಂಯ್ ಅಂತೈತಿ.

ಸ್ನಬ್ಬರ್‌ನ ಕಾಂಟ್ಯಾಕ್ಟರ್ ಕಾಯಿಲ್‌ನ ಎರಡು ತುದಿಗೆ (ಎ1-ಎ2) ಹಾಕಿದ್ರ ಸಾಕೋ, ಎಂಒವಿನೂ (ಹೆಚ್ಚಿನ ವೋಲ್ಟೇಜ್ ಹೀರೋ ಬಿಡಿಭಾಗ) ಬೇಕೋ? ಬೇಕಂದ್ರ ಎಷ್ಟು ವೋಲ್ಟಿಂದು? (275ರದ್ದು ಸುಟ್ಟ ಹೋಗತೈತಿ, ಅಷ್ಟು ಗೊತ್ತೈತ್ರಿ.) ಕಬ್ಬಿಗೆ ನೀರಿನ ಪಾಳಿ ಐತಿ, ಮಾಡಿ ನೋಡಿದವರು ಹೇಳ್ರಿ.