ಚರ್ಖಿ ದಾದ್ರಿ ದುರಂತ: ಸೂಚನೆ ಸ್ಪಷ್ಟವಾಗಿದ್ದರೂ ತಪ್ಪಿದ್ದೆಲ್ಲಿ?

ಪ್ರಶ್ನೆ:
1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟಿದ್ದ, ಸೌದಿ ಅರೇಬಿಯಾದ ಸೌದಿಯಾ ಸಂಸ್ಥೆಯ ಬೋಯಿಂಗ್ 747 ಮತ್ತು ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ಇಲ್ಯೂಷಿನ್-76 ವಿಮಾನಗಳು ಡಿಕ್ಕಿಯಾಗಿ 349 ಮಂದಿ ಮೃತಪಟ್ಟರು. ಸಂವಹನದ ವೈಫಲ್ಯವೇ ಇದಕ್ಕೆ ಕಾರಣವೆಂದು ಓದಿದ್ದೇನೆ. ಆದರೆ ದೆಹಲಿಯ ವಾಯು ಸಂಚಾರ ನಿಯಂತ್ರಕರು ಸೌದಿಯಾಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಅಡಿ ಎಂದು ಸ್ಪಷ್ಟವಾಗಿಯೇ ತಿಳಿಸಿದ್ದರು; 15,000ಕ್ಕೆ ತಲುಪಿದ್ದೇವೆಂಬ ಉತ್ತರವೂ ಕಜಕ್ ವಿಮಾನದಿಂದ ಬಂದಿತ್ತು. ಹಾಗಿದ್ದರೆ ಮಾತು ತಪ್ಪಿದ್ದು ಎಲ್ಲಿ?

ಉತ್ತರ 1:
ನೆಲಕ್ಕೂ ವಿಮಾನಕ್ಕೂ ನಡುವೆ ಅಲ್ಲ, ಕಾಕ್‌ಪಿಟ್‌ನ ಒಳಗೆ. ಆ ಇಲ್ಯೂಷಿನ್‌ನಲ್ಲಿ ದೆಹಲಿಯೊಡನೆ ಮಾತನಾಡುತ್ತಿದ್ದವರು ವಿಮಾನ ನಡೆಸುತ್ತಿದ್ದ ಪೈಲಟ್‌ಗಳಲ್ಲ, ಪ್ರತ್ಯೇಕ ರೇಡಿಯೋ ಆಪರೇಟರ್. ಅವರ ಮುಂದೆ ಎತ್ತರ ತೋರಿಸುವ ಉಪಕರಣವಿರಲಿಲ್ಲ; ಪೈಲಟ್‌ಗಳ ಹೆಗಲ ಮೇಲಿಂದ ಇಣುಕಿ ನೋಡಬೇಕಿತ್ತು. 15,000 ಎಂದು ಅವರು ವರದಿ ಮಾಡಿದ ಹೊತ್ತಿಗೆ ವಿಮಾನ ಅದಕ್ಕಿಂತ ಕೆಳಗಿದ್ದು, ಇನ್ನೂ ಇಳಿಯುತ್ತಲೇ ಇತ್ತು. ಎದುರಿನಿಂದ ಸೌದಿಯಾ ಬರುತ್ತಿದೆ ಎಂದು ನಿಯಂತ್ರಕರು ಎಚ್ಚರಿಸಿದರು. ತಪ್ಪನ್ನು ಗಮನಿಸಿದ ಆಪರೇಟರ್ ಮೇಲೇರಲು ಹೇಳಿದರು. ವಿಮಾನ ಏರತೊಡಗಿ, ಅದರ ಬಾಲ ಸೌದಿಯಾದ ಎಡರೆಕ್ಕೆಯನ್ನು ಸೀಳಿತು. ಏರದೆ ಇದ್ದಿದ್ದರೆ ಬಹುಶಃ ಕೆಳಗಿನಿಂದ ಹಾದುಹೋಗುತ್ತಿತ್ತು ಎಂಬುದು ಈ ಪ್ರಕರಣದ ಅತ್ಯಂತ ಕ್ರೂರ ಅಂಶ.

ಉತ್ತರ 2:
ಮೇಲಿನವರ ಮಾತು ಸರಿ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಹೊಣೆಯೆಲ್ಲವೂ ಕಜಕ್ ಸಿಬ್ಬಂದಿಯ ಮೇಲೆ ಬೀಳುತ್ತದೆ. ಅಂದು ದೆಹಲಿಯಲ್ಲಿದ್ದದ್ದು ಪ್ರಾಥಮಿಕ ರೇಡಾರ್ ಮಾತ್ರ. ಅದು ವಿಮಾನದ ದೂರ, ದಿಕ್ಕು ತೋರಿಸುತ್ತಿತ್ತೇ ಹೊರತು ಎತ್ತರವನ್ನಲ್ಲ. ಎತ್ತರದ ವಿಷಯದಲ್ಲಿ ನಿಯಂತ್ರಕರಿಗಿದ್ದ ಏಕೈಕ ಆಧಾರವೆಂದರೆ ಪೈಲಟ್‌ಗಳ ಬಾಯಿಮಾತು. ಬರುವ, ಹೋಗುವ ವಿಮಾನಗಳಿಗೆ ಒಂದೇ ವಾಯುಮಾರ್ಗವಿದ್ದಾಗ, ಸಾವಿರ ಅಡಿಯ ಅಂತರವನ್ನು ಪರಿಶೀಲಿಸಲಾಗದ ಮಾತಿನ ಮೇಲೆ ನಿಲ್ಲಿಸಿದ್ದು ವ್ಯವಸ್ಥೆಯ ದೋಷವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕಜಕ್ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಎಂಬ ವಾದಕ್ಕೆ ಎಷ್ಟು ತೂಕ ಕೊಡಬೇಕು?

ಉತ್ತರ 3:
ಈ ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಆಯೋಗವೂ ಆ ಕೊರತೆಯನ್ನು ಗುರುತಿಸಿತ್ತು. ಪೈಲಟ್‌ಗಳು ಆಪರೇಟರ್ ಮೇಲೆ ಸಂಪೂರ್ಣವಾಗಿ ಅವಲಂಬಿಸಿದ್ದೂ ಅದಕ್ಕೇ. ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಹೀಗಾಗಿದೆ. 1977ರಲ್ಲಿ ಸ್ಪೇನ್‌ನ ಟೆನೆರಿಫೆ ದ್ವೀಪದ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಕೆಎಲ್‌ಎಂ, ಪ್ಯಾನ್ ಆಮ್ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಕಾಯಿರಿ ಎಂದು ನಿಯಂತ್ರಕರು ಕೆಎಲ್‌ಎಂಗೆ ಹೇಳುತ್ತಿದ್ದ ಕ್ಷಣದಲ್ಲೇ ಪ್ಯಾನ್ ಆಮ್ ಪೈಲಟ್ ತಾವಿನ್ನೂ ರನ್‌ವೇಯಲ್ಲಿದ್ದೇವೆ ಎಂದರು; ಒಂದೇ ತರಂಗಾಂತರದಲ್ಲಿ ಎರಡೂ ಸೇರಿ, ಕೆಎಲ್‌ಎಂ ಕಾಕ್‌ಪಿಟ್‌ಗೆ ಕರ್ಕಶ ಸದ್ದಾಗಿ ತಲುಪಿದವು. ಚರ್ಖಿ ದಾದ್ರಿಯ ನಂತರ ದೆಹಲಿಯಲ್ಲಿ ಎತ್ತರ ತೋರಿಸುವ ದ್ವಿತೀಯಕ ರೇಡಾರ್ ಬಳಕೆಗೆ ಬಂತು, ಆಗಮನ ಮತ್ತು ನಿರ್ಗಮನದ ಮಾರ್ಗಗಳು ಬೇರೆಯಾದವು, ವಿಮಾನಗಳಲ್ಲಿ ಡಿಕ್ಕಿ ತಡೆಯುವ ಟಿಕಾಸ್ ಉಪಕರಣವನ್ನು ಭಾರತ ಕಡ್ಡಾಯಗೊಳಿಸಿತು.