ಹಳೇ ಐ3 ಡೆಸ್ಕ್‌ಟಾಪ್: ಯಾವ ಸಾಮಾನು ಸೆಕೆಂಡ್‌ಹ್ಯಾಂಡ್ ತಗೋಬೇಕು, ಯಾವುದು ಹೊಸದು?

ಪ್ರಶ್ನೆ (ನವನಗರ, ಬಾಗಲಕೋಟೆ)

ಮನ್ಯಾಗ ಒಂದು ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪ್ ಐತ್ರಿ. ಕೋರ್ ಐ3-2120, ಎಚ್61 ಮದರ್‌ಬೋರ್ಡ್, 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 7. ಚಾಲೂ ಮಾಡಿ ಐದು ನಿಮಿಷ ಕಾಯಬೇಕು. ಕೆಲಸ ಅಂದ್ರ ನುಡಿಯೊಳಗ ಟೈಪಿಂಗ್, ಲೆಕ್ಕಪತ್ರ, ಮಗಳ ಆನ್‌ಲೈನ್ ಕ್ಲಾಸ್. ಆಟ ಆಡೋರು ಯಾರೂ ಇಲ್ಲ. ಅಂಗಡಿಯವರು ಪ್ರೊಸೆಸರ್ ಬದಲಿಸ್ರಿ, ಗ್ರಾಫಿಕ್ಸ್ ಕಾರ್ಡ್ ಹಾಕಸ್ರಿ ಅಂತಾರ. ನನ್ನ ಕಡೆ ಇರೋದು 5,000 ರೂಪಾಯಿ. ತಿಳಿದವರು ಹೇಳ್ರಿ, ಮೊದಲು ಯಾವುದಕ್ಕ ರೊಕ್ಕ ಹಾಕಲಿ?

ಉತ್ತರ (ಟಿಳಕವಾಡಿ, ಬೆಳಗಾವಿ)

ಗ್ರಾಫಿಕ್ಸ್ ಕಾರ್ಡ್ ಬ್ಯಾಡ್ರಿ. ಪ್ರೊಸೆಸರ್‌ನ್ಯಾಗ ಇರೋ ಗ್ರಾಫಿಕ್ಸೇ ನಿಮ್ಮ ಕೆಲಸಕ್ಕ ಸಾಕು. 2 ಜಿಬಿ ರ‍್ಯಾಮ್ ತುಂಬಿದ ಕೂಡ್ಲೇ ವಿಂಡೋಸ್ ಉಳಿದಿದ್ದನ್ನ ಹಾರ್ಡ್‌ಡಿಸ್ಕ್ ಮ್ಯಾಲೆ ಬರಿಯಾಕ ಶುರು ಮಾಡ್ತೈತಿ, ಆ ಡಿಸ್ಕ್ ತಿರುಗಿ ಹುಡುಕಿ ತರೋದ್ರಾಗ ನಿಮ್ಮ ಐದು ನಿಮಿಷ ಹೋಗ್ತೈತಿ. ಅದಕ್ಕ ಮೊದಲು ಎಸ್‌ಎಸ್‌ಡಿ (ತಿರುಗೋ ಡಿಸ್ಕ್ ಇಲ್ಲದ, ಚಿಪ್‌ನ್ಯಾಗ ಕಡತ ಇಡೋ ಡ್ರೈವ್), ಆಮ್ಯಾಲೆ ರ‍್ಯಾಮ್. ಎರಡೂ ಹಾಕಿ ಎಂಟು ದಿನ ಬಳಸ್ರಿ, ಪ್ರೊಸೆಸರ್ ಮಾತು ಅಲ್ಲಿಂದ ಮುಂದ.

ಸವೆಯೋ ಸಾಮಾನು ಹೊಸದು ತಗೋರಿ: ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಪೂರೈಸೋ ಡಬ್ಬಿ), ಬೋರ್ಡ್ ಮ್ಯಾಲಿನ ಸಿಆರ್2032 ಗುಂಡು ಸೆಲ್. ರ‍್ಯಾಮ್, ಪ್ರೊಸೆಸರ್ ಹತ್ತು ವರ್ಷ ಓಡಿದ್ರೂ ಸಾಮಾನ್ಯವಾಗಿ ಕೆಡೋದಿಲ್ಲ, ಅವನ್ನ ಸೆಕೆಂಡ್‌ಹ್ಯಾಂಡ್ ತಗೊಂಡ್ರ ನಷ್ಟ ಇಲ್ಲ.

ಎಸ್‌ಎಸ್‌ಡಿ 240 ಅಥವಾ 256 ಜಿಬಿ, 2.5 ಇಂಚಿನ ಸಾಟಾ (ವೈರಿನಿಂದ ಬೋರ್ಡ್‌ಗೆ ಜೋಡಿಸೋ ನಮೂನಿ). ನಿಮ್ಮ ಬೋರ್ಡ್‌ಗೆ ಎಂ.2 (ಬೋರ್ಡಿಗೆ ನೇರ ಚುಚ್ಚೋ ಚಪ್ಪಟೆ ಎಸ್‌ಎಸ್‌ಡಿ) ನಡೆಯೂದಿಲ್ಲ. ಎಚ್61 ಚಿಪ್‌ಸೆಟ್‌ನ್ಯಾಗ ಸಾಟಾ ವೇಗ 3 ಗಿಗಾಬಿಟ್ ಅಷ್ಟ, ಹಂಗಾಗಿ ಸೆಕೆಂಡಿಗೆ 270 ಎಂಬಿ ಆಸುಪಾಸು ಬರತೈತಿ. "ಹಳೇ ಬೋರ್ಡ್‌ಗೆ ಎಸ್‌ಎಸ್‌ಡಿ ಹಾಕಿ ಏನು ಬಂತು" ಅನ್ನೋರ ಮಾತು ಕೇಳಬ್ಯಾಡ್ರಿ. ಹಾರ್ಡ್‌ಡಿಸ್ಕ್ ಒಂದು ಕಡತ ಹುಡುಕಾಕ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ತಗೋತೈತಿ, ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಪಾಲು ಸಾಕು. ಲಾಭ ಇರೋದು ಅಲ್ಲಿ.

ವಿಂಡೋಸ್ ಹಾಕೋಕಿಂತ ಮೊದಲು ಬಯೋಸ್‌ನ್ಯಾಗ (ವಿಂಡೋಸ್‌ಕಿಂತ ಮೊದಲು ಓಡೋ ಬೋರ್ಡಿನ ಸೆಟ್ಟಿಂಗ್) ಸಾಟಾ ಮೋಡ್ ಐಡಿಇ (ಹಳೇ ಪದ್ಧತಿ) ಇದ್ದರ ಎಎಚ್‌ಸಿಐ (ಹೊಸ ಪದ್ಧತಿ) ಮಾಡ್ರಿ. ವಿಂಡೋಸ್ 7 ಹಾಕಿದ ಮ್ಯಾಲೆ ಬದಲಿಸಿದ್ರ ನೀಲಿ ಪರದೆ ಬಂದು ನಿಲ್ಲತೈತಿ.

ರ‍್ಯಾಮ್ ವಿಷಯದಾಗ ಮೋಸ ಹೋಗೋರು ಭಾಳ ಮಂದಿ. ನಿಮಗ ಬೇಕಾದದ್ದು ಡಿಡಿಆರ್3 ಪೀಳಿಗೆಯದು, ಡೆಸ್ಕ್‌ಟಾಪ್‌ದು. ಚೀಟಿ ಮ್ಯಾಲೆ ಪಿಸಿ3-10600ಯು ಅಥವಾ ಪಿಸಿ3-12800ಯು ಅಂತಿರಬೇಕು. ಕಡೀಗೆ ಯು ಬದಲು ಆರ್ ಇದ್ದರ ಅದು ಸರ್ವರ್ ರ‍್ಯಾಮ್, ನಿಮ್ಮ ಬೋರ್ಡ್‌ನ್ಯಾಗ ಏಳೂದಿಲ್ಲ. ಚೀಟಿ ಕಿತ್ತಿದ್ರ ಕಪ್ಪು ಚಿಪ್ ಎಣಿಸ್ರಿ: ಒಂದು ಮಗ್ಗಲಿಗೆ 4 ಅಥವಾ 8 ಇದ್ದರ ಸರಿ, 9 ಇದ್ದರ ವಾಪಸ್ ಕೊಡ್ರಿ. "ಎಎಂಡಿಗೆ ಮಾತ್ರ" ಅಂತ ಬರೆದ ಅಗ್ಗದ ರ‍್ಯಾಮ್ ಕಡ್ಡಿನೂ ಬರತಾವ, ಇಂಟೆಲ್ ಬೋರ್ಡ್‌ಗೆ ಅವು ಆಗೂದಿಲ್ಲ. 1600ರ ಕಡ್ಡಿ (ಪಿಸಿ3-12800ಯು) ನಿಮ್ಮ ಐ3ರಾಗ 1333ರ ವೇಗಕ್ಕ ಓಡತೈತಿ, ಅದರಿಂದ ತೊಂದರೆ ಇಲ್ಲ. ಸ್ಲಾಟ್ ಎರಡಿದ್ದರ 4 ಜಿಬಿಯ ಎರಡು ಕಡ್ಡಿ ಹಾಕ್ರಿ. 8ರ ಒಂದೇ ಕಡ್ಡಿಗಿಂತ ಇದು ಛಲೋ, ಯಾಕಂದ್ರ ಎರಡು ಚಾನೆಲ್‌ನ್ಯಾಗ (ಎರಡು ದಾರಿಯೊಳಗ ಒಟ್ಟಿಗೆ) ಓಡತೈತಿ.

ಖಡೇಬಜಾರ್ ಕಡೆ ಹುಡುಕಾಕ ಬರೋದಾದ್ರ ನಿಮ್ಮ ಹಳೇ ಕಡ್ಡಿ ಜೊತೀಗೆ ತರ್ರಿ, ಕಚ್ಚು ಹೊಂದತೈತೋ ಇಲ್ಲೋ ಅಂತ ಪಕ್ಕದಾಗ ಇಟ್ಟು ನೋಡಾಕ. ಒಂದು ವಾರದ ವಾಪಸಾತಿ ಬಿಲ್ ಮ್ಯಾಲೆ ಬರೆಸಿಕೊಳ್ರಿ. ಮನೀಗೆ ಹೋಗಿ ಮೆಮ್‌ಟೆಸ್ಟ್86+ (ರ‍್ಯಾಮ್ ಪರೀಕ್ಷಿಸೋ ತಂತ್ರಾಂಶ) ಪೆನ್‌ಡ್ರೈವ್‌ದಿಂದ ರಾತ್ರಿ ಇಡೀ ಓಡಿಸ್ರಿ. ಕೆಂಪು ಸಾಲು ಒಂದು ಬಂದ್ರೂ ಆ ಕಡ್ಡಿ ಇಟ್ಕೋಬ್ಯಾಡ್ರಿ.

ಉತ್ತರ (ವಿಜಯಪುರ)

ಮ್ಯಾಲಿನವರು ಹೇಳಿದ ಕ್ರಮ ಸರಿ ಅದ. ಆದ್ರ ಹೊಸ ಸಾಮಾನು ಹಾಕೋಕಿಂತ ಮೊದಲು ಎಸ್‌ಎಂಪಿಎಸ್ ನೋಡ್ರಿ. ಮಲ್ಟಿಮೀಟರ್ ಇದ್ದರ ಕಂಪ್ಯೂಟರ್ ಚಾಲೂ ಇದ್ದಾಗ ಹಾರ್ಡ್‌ಡಿಸ್ಕಿನ ನಾಲ್ಕು ಪಿನ್ನಿನ ಖಾಲಿ ಕನೆಕ್ಟರ್‌ನ್ಯಾಗ ಅಳೀರಿ. ಹಳದಿ–ಕಪ್ಪು ನಡುವ 11.4ರಿಂದ 12.6 ವೋಲ್ಟ್, ಕೆಂಪು–ಕಪ್ಪು ನಡುವ 4.75ರಿಂದ 5.25 ಇರಬೇಕು. ಇದರ ಹೊರಗ ಹೋದ್ರ ಆ ಎಸ್‌ಎಂಪಿಎಸ್ ತೆಗೀರಿ. ಒಳಗ ಬಿಚ್ಚಬ್ಯಾಡ್ರಿ, ಪ್ಲಗ್ ಕಿತ್ತ ಮ್ಯಾಲೂ ಕೆಪಾಸಿಟರ್‌ನ್ಯಾಗ ಕರೆಂಟ್ ಉಳಿದಿರ್ತದ. ಬೋರ್ಡ್ ಮ್ಯಾಲಿನ ಕೆಪಾಸಿಟರ್ ತಲಿ ಉಬ್ಬಿದ್ದರ ಒಂದು ರೂಪಾಯಿನೂ ಹಾಕಬ್ಯಾಡ್ರಿ. ಈ ಕಾಲದ ಛಲೋ ಬೋರ್ಡ್ ಸಿಗೋದು ಕಷ್ಟ. ಅದೇ ರೊಕ್ಕ ಕಚೇರಿಯಿಂದ ಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಒಂದಕ್ಕ ಕೂಡಿಸೋದು ಮೇಲು.

ನಮ್ಮ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟ್ತದ, ಧೂಳು ಬ್ಯಾರೆ. ಪ್ರೊಸೆಸರ್ ಮ್ಯಾಲಿನ ಕೂಲರ್ ತೆಗೆದು, ನಡುವಿನ ಬಿಸಿ ದಾಟಿಸೋ ಪೇಸ್ಟ್ ಬದಲಿಸೋದನ್ನ ಬಿಡಬ್ಯಾಡ್ರಿ. ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಂದ್ ಮಾಡ್ರಿ, ಒಣಗಿದ ಪೇಸ್ಟ್ ಮೆತ್ತಗಾಗ್ತದ. ಕೂಲರಿನ ನಾಲ್ಕೂ ಪಿನ್ನಿನ ತಲಿ ಮ್ಯಾಲಿನ ಬಾಣದ ದಿಕ್ಕಿಗೆ ತಿರುವಿದ್ರ ಬಿಡ್ತಾವ. ಹಳೇ ಪೇಸ್ಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ದಿಂದ ಒರಸಿ, ಪ್ರೊಸೆಸರ್‌ನ ನಡುವ ಹೆಸರುಕಾಳಿನಷ್ಟು ಹೊಸದು ಹಚ್ರಿ. ಬೆರಳಿನಿಂದ ಹರಡಬ್ಯಾಡ್ರಿ. ಕೂಡಿಸುವಾಗ ಪಿನ್ನಿನ ತಲಿ ಮೊದಲಿನ ಜಾಗಕ್ಕ ತಿರುವಿ, ಎದುರು-ಬದುರು ಮೂಲಿ ಜೋಡಿ ಮಾಡಿ ಒತ್ರಿ, ಟಕ್ ಅಂತದ. ಬೋರ್ಡಿನ ಹಿಂದ ಕೈ ಹೋದ್ರ ನಾಲ್ಕೂ ಹೊರಗ ಬಂದಾವೇನು ಮುಟ್ಟಿ ನೋಡ್ರಿ. ಒಂದು ಪಿನ್ ಕೂತಿಲ್ಲಂದ್ರ ಆ ಮಗ್ಗಲು ಕೂಲರ್ ಎದ್ದಿರ್ತದ, ಪ್ರೊಸೆಸರ್ 90 ಡಿಗ್ರಿ ಮುಟ್ಟಿ ತಾನಾಗೇ ವೇಗ ಇಳಿಸ್ತದ ಇಲ್ಲಾ ಬಂದ್ ಆಗ್ತದ. ಬ್ಲೋವರ್ ಹೊಡಿಯುವಾಗ ಫ್ಯಾನಿಗೆ ಒಂದು ಬೆರಳು ಒತ್ತಿ ಹಿಡೀರಿ, ತಿರುಗಾಕ ಬಿಡಬ್ಯಾಡ್ರಿ.

ಪ್ರೊಸೆಸರ್ ಬದಲಿಸಲೇಬೇಕಂದ್ರ ಅದೇ ಪೀಳಿಗೆಯ ಐ5-2400 ನೋಡ್ರಿ, ನಾಲ್ಕು ಕೋರ್. ಐ5-3470 ಹೊಸದು ಖರೆ, ಆದ್ರ ಹಳೇ ಎಚ್61 ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಬೇಕಾಗ್ತದ. ಅದರ ನಡುವ ಕರೆಂಟ್ ಹೋದ್ರ ಬೋರ್ಡೇ ಹೋಗ್ತದ. ಯುಪಿಎಸ್ ಇಲ್ಲಾಂದ್ರ ಆ ಉಸಾಬರಿ ಬ್ಯಾಡ. ಐ3 ಎಳೆಯೋದು 65 ವ್ಯಾಟ್, ಐ5-2400ದ್ದು 95. ಬೋರ್ಡ್ ಕಂಪನಿಯ ಪಟ್ಟಿಯೊಳಗ ಅದರ ಹೆಸರು ಇದ್ದರಷ್ಟೇ ತಗೋರಿ.

ಉತ್ತರ (ಜಮಖಂಡಿ)

ಹಳೇ 500 ಜಿಬಿ ಡಿಸ್ಕ್ ಎಸೀಬ್ಯಾಡ್ರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದೊಳಗ (ಡಿಸ್ಕಿನ ಆರೋಗ್ಯ ತೋರಿಸೋ ತಂತ್ರಾಂಶ) 05, ಸಿ5, ಸಿ6 (ಡಿಸ್ಕಿನ ಕೆಟ್ಟ ಜಾಗದ ಲೆಕ್ಕ) ಈ ಮೂರು ಸಾಲು ಸೊನ್ನೆ ಇದ್ದರ ಕಡತ ಇಡಾಕ ಬಳಸ್ರಿ. ಸಿ5 ಏರಾಕತ್ತಿದ್ರ ಅವತ್ತೇ ಎಲ್ಲಾ ಬ್ಯಾರೆ ಕಡೆ ಕಾಪಿ ಮಾಡ್ಕೊಳ್ರಿ.

ವಿಂಡೋಸ್ 7ಕ್ಕ ಭದ್ರತಾ ಅಪ್‌ಡೇಟ್ 2020ರ ಜನವರಿಯಾಗ ನಿಂತಾವು, ವಿಂಡೋಸ್ 10ದ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗಿದೈತಿ. ವಿಂಡೋಸ್ 11 ಈ ಪ್ರೊಸೆಸರ್‌ನ ಅಧಿಕೃತವಾಗಿ ಒಪ್ಪೂದಿಲ್ಲ. ಮಗಳ ಕ್ಲಾಸಿಗೆ ಲಿನಕ್ಸ್ ಮಿಂಟ್ ಹಾಕ್ರಿ. ಅದರ ಕೀಬೋರ್ಡ್ ಪಟ್ಟಿಯೊಳಗ ಕನ್ನಡ ಕಗಪ ಐತಿ, ನುಡಿಯ ಕೀಲಿ ವಿನ್ಯಾಸದ್ದೇ, ಬೆರಳಿಗೆ ಹೊಸದಾಗಿ ಕಲಿಸೋದು ಭಾಳ ಇಲ್ಲ. ಹಳೇ ನುಡಿ ಫಾಂಟಿನ ಕಡತಗಳನ್ನ ಮಾತ್ರ ಯೂನಿಕೋಡಿಗೆ ಪರಿವರ್ತಿಸ್ಕೋಬೇಕು.

ಮತ್ತ ಪ್ರಶ್ನೆ (ನವನಗರ, ಬಾಗಲಕೋಟೆ)

ಎಲ್ಲಾರಿಗೂ ಶರಣ್ರಿ. ಸದ್ಯ ಹಳೇ ಡಿಸ್ಕ್ ಮ್ಯಾಲೇ 4 ಜಿಬಿಯ ಎರಡು ಕಡ್ಡಿ ಹಾಕಿ ನೋಡೀನಿ. ಬಯೋಸ್ 8 ಜಿಬಿ ತೋರಿಸ್ತೈತಿ, ವಿಂಡೋಸ್ ಮಾತ್ರ ಬಳಕೆಗೆ 3 ಜಿಬಿ ಚಿಲ್ಲರ ಅಂತೈತಿ. ಕಡ್ಡಿ ಕೆಟ್ಟೈತೇನ್ರಿ?

ಉತ್ತರ (ಟಿಳಕವಾಡಿ, ಬೆಳಗಾವಿ)

ಕಡ್ಡಿ ಛಲೋನ ಐತ್ರಿ, ಬಯೋಸ್ 8 ಕಂಡೈತಲ್ಲ. ನಿಮ್ಮದು 32 ಬಿಟ್ ವಿಂಡೋಸ್ ಇರಬೇಕು, ಅದು 4 ಜಿಬಿ ದಾಟಿ ನೋಡೂದಿಲ್ಲ. ಕಂಪ್ಯೂಟರ್ ಪ್ರಾಪರ್ಟೀಸ್‌ನ್ಯಾಗ ಸಿಸ್ಟಂ ಟೈಪ್ ಓದ್ರಿ. 64 ಬಿಟ್ ಅಂತಿದ್ದರ ಎಂಎಸ್‌ಕಾನ್ಫಿಗ್ (ವಿಂಡೋಸ್‌ನ ಸೆಟ್ಟಿಂಗ್ ಕಿಟಕಿ) ತೆಗೆದು, ಬೂಟ್‌ದಾಗ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ, ಮ್ಯಾಕ್ಸಿಮಮ್ ಮೆಮರಿ ಮುಂದಿನ ಗುರುತು ತೆಗೆದು ರೀಸ್ಟಾರ್ಟ್ ಮಾಡ್ರಿ. 32 ಬಿಟ್ಟೇ ಇದ್ದರ ಅದನ್ನ 64ಕ್ಕ ಅಪ್‌ಗ್ರೇಡ್ ಮಾಡಾಕ ಬರೂದಿಲ್ಲ, ಹೊಸದಾಗೇ ಹಾಕಬೇಕು. ಹೆಂಗೂ ಎಸ್‌ಎಸ್‌ಡಿ ಬರೂದೈತಿ, ಅಲ್ಲೀತನಕ ತಡೀರಿ. ಅದರ ಮ್ಯಾಲೆ 64 ಬಿಟ್ ಹಾಕುವಾಗ ಹಳೇ ಡಿಸ್ಕಿನ ಸಾಟಾ ವೈರ್ ಬಿಚ್ಚಿಡ್ರಿ, ಇಲ್ಲಾಂದ್ರ ಬೂಟ್ ಕಡತ ಹಳೇ ಡಿಸ್ಕಿನಾಗೇ ಉಳಿದು, ಮುಂದ ಆ ಡಿಸ್ಕ್ ತೆಗೆದ ದಿನ ಕಂಪ್ಯೂಟರ್ ಏಳೂದಿಲ್ಲ.